‘ವಿಶೇಷ’ಕ್ಕಾಗಿ ಕಾಯುವಾಗ: ನಾರು-ಬೇರು, ಹರಳಿನ ಸರ ಮತ್ತು ತಿಂಗಳ ಲೆಕ್ಕ

ನೀವು ಡಲ್ಲಾಸ್‌ನಲ್ಲಿ ಕಾರು ಓಡಿಸ್ತಾ ಇರಬಹುದು, ದುಬೈನ ಮೆಟ್ರೋದಲ್ಲಿ ನಿಂತಿರಬಹುದು, ಮೈಸೂರಿನ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಾ ಇರಬಹುದು. ಎಲ್ಲಿದ್ದರೂ ಮದುವೆಯಾಗಿ ಒಂದೆರಡು ವರ್ಷ ಕಳೆದ ಮೇಲೆ ಊರಿಂದ ಬರುವ ಫೋನಿನಲ್ಲಿ ಒಂದು ಪ್ರಶ್ನೆ ತಪ್ಪುವುದಿಲ್ಲ: “ಏನಾದ್ರೂ ವಿಶೇಷ ಇದೆಯಾ?” ಇವತ್ತಿನ ಮಾತು, ಆ ವಿಶೇಷಕ್ಕಾಗಿ ಕಾಯುತ್ತಿರುವವರ ಬಗ್ಗೆ. ಕಾಯುವಾಗ ಅವರ ಕೈಗೆ ಬರುವ ಗಿಡಮೂಲಿಕೆ ಮತ್ತು ಹರಳಿನ ಆಭರಣಗಳ ಬಗ್ಗೆ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಇವು ಎರಡು ದಿಕ್ಕಿನಿಂದ ಬರುತ್ತವೆ. ಅಮ್ಮನೋ ಅತ್ತೆಯೋ ಬರುವಾಗ ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಪಕ್ಕದಲ್ಲೇ ಶತಾವರಿ ಲೇಹ್ಯ, ಅಶ್ವಗಂಧದ ಚೂರ್ಣ, ಕೆಲವೊಮ್ಮೆ ಹೆಸರೇ ಇಲ್ಲದ ಪೊಟ್ಟಣ. ಇತ್ತ ನಾವಿರುವ ಊರಿನ ವಾರದ ಸಂತೆಯಲ್ಲಿ, ಆನ್‌ಲೈನ್ ಅಂಗಡಿಯಲ್ಲಿ, ಕೈಯಲ್ಲೇ ಮಾಡಿದ ರೋಸ್ ಕ್ವಾರ್ಟ್ಜ್, ಮೂನ್‌ಸ್ಟೋನ್, ಕಾರ್ನೀಲಿಯನ್ ಮಣಿಗಳ ಬಳೆ. ಪಕ್ಕದಲ್ಲಿ ಪುಟ್ಟ ಚೀಟಿ: ಇದನ್ನು ಧರಿಸಿದರೆ ಗರ್ಭ ನಿಲ್ಲಲು ಸಹಾಯ. ಮುತ್ತು, ಹವಳ, ಸ್ಫಟಿಕದ ಮಾಲೆ ನೋಡಿ ಬೆಳೆದ ನಮಗೆ ಇದೇನೂ ತೀರಾ ಅಪರಿಚಿತ ಅನ್ನಿಸುವುದಿಲ್ಲ.

“ಇದು ಕೆಲಸ ಮಾಡುತ್ತಾ?” ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: ಇದು ಇಲ್ಲದೇ ಇದ್ದಿದ್ದರೆ ಏನಾಗುತ್ತಿತ್ತು? ಈ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ಮುಂದೆ ಹೋಗೋಣ.

ಮೊದಲು ದೇಹದ ಲೆಕ್ಕ. ಅಂಡಾಶಯದಿಂದ ಹೊರಬಂದ ಅಂಡಾಣು ಬದುಕುವುದು ಹೆಚ್ಚೆಂದರೆ ಒಂದು ದಿನ. ವೀರ್ಯಾಣು ಹೆಣ್ಣಿನ ದೇಹದೊಳಗೆ ಐದು ದಿನದವರೆಗೂ ಇರಬಲ್ಲದು. ಹಾಗಾಗಿ ಒಂದು ತಿಂಗಳಲ್ಲಿ ಗರ್ಭ ಕಟ್ಟಲು ಸಾಧ್ಯವಿರುವುದು ಸುಮಾರು ಆರು ದಿನ ಮಾತ್ರ: ಅಂಡ ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ ಐದು ದಿನ. ಆ ದಿನಗಳಲ್ಲಿ ಕೂಡಿದರೂ ಪ್ರತಿ ಸಲ ಫಲ ಸಿಗುವುದಿಲ್ಲ. ಎಷ್ಟೋ ಭ್ರೂಣಗಳು ಗರ್ಭಕೋಶದ ಗೋಡೆಗೆ ಅಂಟುವ ಮೊದಲೇ, ಯಾರಿಗೂ ಗೊತ್ತಾಗದೆ ನಿಂತುಹೋಗುತ್ತವೆ. ಹೀಗಾಗಿ ಯಾವ ತೊಂದರೆಯೂ ಇಲ್ಲದ ಯುವ ದಂಪತಿಗೂ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಶೇಕಡ 20ರಿಂದ 25ರ ಆಸುಪಾಸು. ಅಂದರೆ ಆರೋಗ್ಯವಂತರಿಗೂ ಐದರಲ್ಲಿ ನಾಲ್ಕು ತಿಂಗಳು ಮುಟ್ಟು ಬರುವುದೇ ಸಹಜ. ಇದನ್ನು ಯಾರೂ ಮದುವೆಯ ಹೊತ್ತಿಗೆ ಹೇಳಿಕೊಡುವುದಿಲ್ಲ. ಅದಕ್ಕೇ ಮೂರನೇ ತಿಂಗಳಿಗೇ ಎಷ್ಟೋ ಜನ ಗಾಬರಿಯಾಗುತ್ತಾರೆ.

ಈಗ ಒಂದು ಕಾಗದ-ಪೆನ್ನು ತಗೊಳ್ಳಿ. ಓಡಿಸ್ತಾ ಇದ್ದರೆ ಬೇಡ, ಬರೀ ಕೇಳಿ. ನೂರು ದಂಪತಿಗಳು ಇದ್ದಾರೆ ಅಂದುಕೊಳ್ಳೋಣ. ಪ್ರತಿ ತಿಂಗಳೂ ಉಳಿದವರಲ್ಲಿ ಶೇಕಡ 20 ಮಂದಿಗೆ ಗರ್ಭ ನಿಲ್ಲುತ್ತದೆ. ಮೊದಲ ತಿಂಗಳು 20, ಉಳಿದವರು 80. ಎರಡನೇ ತಿಂಗಳು ಆ ಎಂಬತ್ತರಲ್ಲಿ 16, ಉಳಿದವರು 64. ಮೂರನೇ ತಿಂಗಳ ಕೊನೆಗೆ ಸುಮಾರು 51 ದಂಪತಿಗಳು ಇನ್ನೂ ಕಾಯುತ್ತಿದ್ದಾರೆ. ಅವರಿಗೆ ಬೇಸರ ಬಂದಿದೆ. ಆ 51 ಮನೆಯಲ್ಲೂ ಒಂದೇ ದಿನ ಒಂದೊಂದು ರೋಸ್ ಕ್ವಾರ್ಟ್ಜ್ ಬಳೆ ಕೊಂಡರು ಅಂತಿಟ್ಟುಕೊಳ್ಳಿ. ಬಳೆ ಏನೂ ಮಾಡುವುದಿಲ್ಲ, ಲೆಕ್ಕ ಹಿಂದಿನಂತೆಯೇ ನಡೆಯುತ್ತದೆ. ಆರನೇ ತಿಂಗಳ ಕೊನೆಗೆ ಉಳಿದವರು ಎಷ್ಟು? ಸುಮಾರು 26. ಅಂದರೆ ಬಳೆ ತೊಟ್ಟ 51ರಲ್ಲಿ 25 ಮಂದಿಗೆ, ಹೆಚ್ಚುಕಡಿಮೆ ಅರ್ಧಕ್ಕರ್ಧ ಜನಕ್ಕೆ, ಮೂರೇ ತಿಂಗಳಲ್ಲಿ ಫಲ!

ಆ 25 ಮನೆಯವರು ಸುಳ್ಳು ಹೇಳುವುದಿಲ್ಲ. ಮೂರು ತಿಂಗಳು ಬರಿಗೈಯಲ್ಲಿದ್ದಾಗ ಆಗಲಿಲ್ಲ, ಬಳೆ ತೊಟ್ಟ ಮೇಲೆ ಆಯಿತು. ಅವರು ಕಂಡದ್ದು ಅಷ್ಟೇ, ಹೇಳುವುದೂ ಅಷ್ಟೇ. ಉಳಿದ 26 ಮನೆಯವರು ಬಳೆಯನ್ನು ಡ್ರಾಯರಿನಲ್ಲಿಟ್ಟು ಸುಮ್ಮನಾಗುತ್ತಾರೆ. ಅವರ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಬಳೆಯ ಜಾಗದಲ್ಲಿ ಲೇಹ್ಯ ಇಡಿ, ಕಷಾಯ ಇಡಿ, ಲೆಕ್ಕ ಅದೇ. “ನಮ್ಮ ಅಕ್ಕನ ಮಗಳಿಗೆ ಇದರಿಂದಲೇ ಆಯ್ತು” ಅನ್ನುವ ಮಾತು ಪ್ರತಿ ಊರಿನಲ್ಲೂ, ಪ್ರತಿ ಮದ್ದಿನ ಬಗ್ಗೆಯೂ ಸಿಗುವುದು ಇದಕ್ಕೇ.

ನಿಜ ಜೀವನದಲ್ಲಿ ಎಲ್ಲರ ಪಾಲು ಸಮನಾಗಿರುವುದಿಲ್ಲ ಅನ್ನುವುದನ್ನೂ ಹೇಳಬೇಕು. ಬೇಗ ಆಗುವವರು ಮೊದಲ ತಿಂಗಳುಗಳಲ್ಲೇ ಪಟ್ಟಿಯಿಂದ ಹೊರಗೆ ಹೋಗುತ್ತಾರೆ. ಉಳಿದವರ ಸರಾಸರಿ ಸಾಧ್ಯತೆ ತಿಂಗಳು ಕಳೆದಂತೆ ಇಳಿಯುತ್ತದೆ. ಹೆಣ್ಣಿನ ವಯಸ್ಸು 40ಕ್ಕಿಂತ ಕಡಿಮೆ ಇದ್ದರೆ ಒಂದು ವರ್ಷದಲ್ಲಿ ನೂರರಲ್ಲಿ 80ಕ್ಕಿಂತ ಹೆಚ್ಚು ದಂಪತಿಗಳಿಗೆ, ಉಳಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎರಡನೇ ವರ್ಷದಲ್ಲಿ ಗರ್ಭ ನಿಲ್ಲುತ್ತದೆ. ‘ಅರಳಿಮರ ಸುತ್ತಿ ಹೊಟ್ಟೆ ಮುಟ್ಟಿ ನೋಡಿಕೊಂಡ ಹಾಗೆ’ ಅಂತ ನಮ್ಮಲ್ಲೊಂದು ಗಾದೆ ಇದೆಯಲ್ಲ, ಅವಸರಪಡುವವರನ್ನು ಕುರಿತು. ಈ ಅಂಕಿ ನೋಡಿದರೆ, ಅರಳಿಕಟ್ಟೆ ಸುತ್ತುತ್ತಾ ಒಂದು ವರ್ಷ ಕಾದವರಲ್ಲಿ ಬಹುಪಾಲು ಮಂದಿಗೆ ಮಗುವಿನ ಸುದ್ದಿ ಸಿಕ್ಕಿದ್ದು ಆಶ್ಚರ್ಯವೇ ಅಲ್ಲ.

ಹಾಗಾದರೆ ಒಂದು ಮದ್ದು ನಿಜವಾಗಿ ಕೆಲಸ ಮಾಡುತ್ತಾ ಅಂತ ತಿಳಿಯುವುದು ಹೇಗೆ? ಹೋಲಿಕೆ ಗುಂಪು ಬೇಕು. ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡಿ, ಒಬ್ಬರಿಗೆ ಮದ್ದು, ಇನ್ನೊಬ್ಬರಿಗೆ ನೋಡಲು ಅದರಂತೆಯೇ ಇರುವ ಹುಸಿಮಾತ್ರೆ ಕೊಟ್ಟು, ಕೊನೆಗೆ ಮಗು ಹುಟ್ಟಿದ್ದನ್ನು ಎಣಿಸಬೇಕು. ಒಂದು ಉದಾಹರಣೆ. ಗಂಡಸರ ವೀರ್ಯ ಚೆನ್ನಾಗಿರಲಿ ಅಂತ ಜಿಂಕ್ ಮತ್ತು ಫೋಲಿಕ್ ಆಸಿಡ್ ಮಾತ್ರೆಗಳನ್ನು ವರ್ಷಗಟ್ಟಲೆ ಮಾರುತ್ತಿದ್ದರು. ಅಮೆರಿಕದಲ್ಲಿ 2,370 ದಂಪತಿಗಳ ಮೇಲೆ ಇದನ್ನು ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾತ್ರೆ ತಿಂದವರಲ್ಲಿ ಮಗು ಹುಟ್ಟಿದ್ದು ಶೇಕಡ 34 ದಂಪತಿಗಳಿಗೆ. ಹುಸಿಮಾತ್ರೆ ತಿಂದವರಲ್ಲಿ ಶೇಕಡ 35. ಏನೂ ವ್ಯತ್ಯಾಸ ಇಲ್ಲ. ಹೋಲಿಕೆ ಗುಂಪು ಇಲ್ಲದಿದ್ದರೆ “ಮೂರರಲ್ಲಿ ಒಬ್ಬರಿಗೆ ಮಗುವಾಯಿತು” ಅಂತ ಡಬ್ಬಿಯ ಮೇಲೆ ಅಚ್ಚು ಹಾಕಬಹುದಿತ್ತು.

ಇನ್ನೊಂದು ಉದಾಹರಣೆ, ಈ ಸಲ ವ್ಯತ್ಯಾಸ ಕಂಡದ್ದು. ಪಿಸಿಓಎಸ್ ಇರುವ 750 ಮಹಿಳೆಯರಲ್ಲಿ ಅಂಡ ಬಿಡುಗಡೆ ಮಾಡಿಸುವ ಎರಡು ಔಷಧಗಳನ್ನು ಹೋಲಿಸಿದ ಅಧ್ಯಯನ 2014ರಲ್ಲಿ ಬಂತು. ಲೆಟ್ರೊಜೋಲ್ ತಗೊಂಡವರಲ್ಲಿ ಶೇಕಡ 27.5 ಮಂದಿಗೆ, ಕ್ಲೋಮಿಫೀನ್ ತಗೊಂಡವರಲ್ಲಿ ಶೇಕಡ 19.1 ಮಂದಿಗೆ ಮಗು ಹುಟ್ಟಿತು. ಒಂದು ಮದ್ದಿನ ಪರವಾಗಿ ಮಾತಾಡಬೇಕಾದರೆ ಇಂಥ ಲೆಕ್ಕ ಬೇಕು.

ಈಗ ಗಿಡಮೂಲಿಕೆಗೆ ಬರೋಣ. ಗಿಡದಲ್ಲಿ ಏನೂ ಇಲ್ಲ ಅಂತ ನಾವು ಹೇಳುತ್ತಿಲ್ಲ. ಗಿಡದಲ್ಲಿ ನಿಜವಾದ ರಾಸಾಯನಿಕಗಳಿವೆ. ಸಮಸ್ಯೆ ಇರುವುದೂ ಅಲ್ಲೇ. 1940ರ ದಶಕದಲ್ಲಿ ರಸೆಲ್ ಮಾರ್ಕರ್ ಎಂಬ ರಸಾಯನ ವಿಜ್ಞಾನಿ ಮೆಕ್ಸಿಕೋದ ಕಾಡುಗೆಣಸಿನಲ್ಲಿರುವ ಡಯೋಸ್ಜೆನಿನ್ ಎಂಬ ವಸ್ತುವಿನಿಂದ ಪ್ರೊಜೆಸ್ಟರಾನ್ ಹಾರ್ಮೋನ್ ತಯಾರಿಸಿ ತೋರಿಸಿದರು. ಗರ್ಭ ಉಳಿಯಲು ಬೇಕೇ ಬೇಕಾದ ಹಾರ್ಮೋನ್ ಅದು. ಅದರ ಹೆಸರಿನಲ್ಲೇ ಇಂದಿಗೂ ಕಾಡುಗೆಣಸಿನ ಮುಲಾಮು, ಮಾತ್ರೆಗಳು ‘ನೈಸರ್ಗಿಕ ಪ್ರೊಜೆಸ್ಟರಾನ್’ ಅಂತ ಮಾರಾಟವಾಗುತ್ತವೆ. ಆದರೆ ಡಯೋಸ್ಜೆನಿನ್ ಅನ್ನು ಪ್ರೊಜೆಸ್ಟರಾನ್ ಆಗಿ ಬದಲಾಯಿಸುವ ಹಂತಗಳು ಪ್ರಯೋಗಾಲಯದಲ್ಲಿ ನಡೆಯುತ್ತವೆ. ನಮ್ಮ ದೇಹಕ್ಕೆ ಆ ಕೆಲಸ ಬರುವುದಿಲ್ಲ.

ಯೂರೋಪಿನಲ್ಲಿ, ಅದರಲ್ಲೂ ಜರ್ಮನಿಯಲ್ಲಿರುವ ಕೇಳುಗರು ವೈಟೆಕ್ಸ್ ಎಂಬ ಗಿಡದ ಕಾಯಿಯ ಮಾತ್ರೆಗಳನ್ನು ನೋಡಿರುತ್ತೀರಿ. ನಮ್ಮ ಕಡೆಯ ಲಕ್ಕಿ ಗಿಡದ ಹತ್ತಿರದ ಸಂಬಂಧಿ ಅದು. ಅದರಲ್ಲಿರುವ ವಸ್ತುಗಳು ಡೋಪಮೈನ್ ಗ್ರಾಹಕಗಳ ಮೇಲೆ ಕೆಲಸ ಮಾಡಿ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಇಳಿಸಬಲ್ಲವು. ಹಾರ್ಮೋನನ್ನು ಅಲುಗಾಡಿಸುವ ವಸ್ತುವನ್ನು ಮದ್ದು ಅಂತಲೇ ಕರೆಯಬೇಕು. ಸಂತಾನ ಚಿಕಿತ್ಸೆಯ ಚುಚ್ಚುಮದ್ದು ನಡೆಯುತ್ತಿರುವಾಗ ವೈದ್ಯರಿಗೆ ತಿಳಿಸದೆ ಇದನ್ನೂ ನುಂಗಿದರೆ, ಒಂದೇ ಗಾಡಿಯ ಸ್ಟಿಯರಿಂಗನ್ನು ಇಬ್ಬರು ಹಿಡಿದಂತೆ ಆಗುತ್ತದೆ.

ಅಶ್ವಗಂಧ ನಮಗೆಲ್ಲ ಚಿರಪರಿಚಿತ. ಗಂಡಸರ ವೀರ್ಯಾಣು ಸಂಖ್ಯೆ ಹೆಚ್ಚಿತು ಅಂತ ಹೇಳುವ ಸಣ್ಣ ಪ್ರಯೋಗಗಳಿವೆ. ಆದರೆ ಸಂಖ್ಯೆ ಹೆಚ್ಚಿದ್ದಕ್ಕೂ ಮಗು ಹುಟ್ಟಿದ್ದಕ್ಕೂ ನಡುವೆ ದೂರ ಇದೆ. ಇನ್ನೊಂದು ಕಡೆ, ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು. ಲಿವರಿಗೆ ಪೆಟ್ಟು ಬಿದ್ದ ಪ್ರಕರಣಗಳೂ ವರದಿಯಾಗಿವೆ. ಥೈರಾಯ್ಡ್ ಮತ್ತು ಲೈಂಗಿಕ ಹಾರ್ಮೋನುಗಳ ಮೇಲಿನ ಪರಿಣಾಮ, ಗರ್ಭಪಾತದ ಅಪಾಯ ಇವುಗಳ ಆತಂಕದಿಂದ ಡೆನ್ಮಾರ್ಕ್ ಇದನ್ನು 2023ರಲ್ಲಿ ನಿಷೇಧಿಸಿತು. ಆ ತೀರ್ಮಾನಕ್ಕೆ ಭಾರತದಲ್ಲಿ ತಕರಾರೂ ಇದೆ. ಆದರೂ ಮಗು ಬಯಸುವವರು ಒಂದು ಮಾತು ನೆನಪಿಡಬೇಕು: ಗರ್ಭ ನಿಂತ ಮೊದಲ ಎರಡು ವಾರ ನಿಮಗೇ ಗೊತ್ತಿರುವುದಿಲ್ಲ. ಗರ್ಭಿಣಿಯರು ತಿನ್ನಬಾರದ ವಸ್ತು, ಗರ್ಭಕ್ಕಾಗಿ ಪ್ರಯತ್ನಿಸುತ್ತಿರುವವರಿಗೂ ಬೇಡ.

ಶತಾವರಿಗೆ ಆಯುರ್ವೇದದಲ್ಲಿ ದೊಡ್ಡ ಹೆಸರಿದೆ. ಆದರೆ ಅದರಿಂದ ಹೆಚ್ಚು ಮಕ್ಕಳು ಹುಟ್ಟಿದವು ಅಂತ ತೋರಿಸಿದ ದೊಡ್ಡ ಹೋಲಿಕೆ ಪ್ರಯೋಗ ಇಲ್ಲ. ಕೆಮ್ಮಿಗೆ ಬಾಯಲ್ಲಿಟ್ಟುಕೊಳ್ಳುವ ಅತಿಮಧುರದಲ್ಲಿ ಗ್ಲಿಸಿರೈಜಿನ್ ಇದೆ. ಹೆಚ್ಚು ತಿಂದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಹಾಗಂತ ಸಾರಿಗೆ ಹಾಕುವ ಮೆಂತ್ಯ, ಜೀರಿಗೆಗೆ ಹೆದರಬೇಡಿ. ಒಗ್ಗರಣೆಯ ಪ್ರಮಾಣವೇ ಬೇರೆ, ಕ್ಯಾಪ್ಸೂಲಿನಲ್ಲಿ ಗಟ್ಟಿಮಾಡಿ ತುಂಬಿದ ಸಾರದ ಪ್ರಮಾಣವೇ ಬೇರೆ.

ಇಲ್ಲಿಯವರೆಗೆ ಹೇಳಿದ್ದು ಗಿಡದ ಬಗ್ಗೆ. ಗಿಡಕ್ಕಿಂತ ನಮಗೆ ಹೆಚ್ಚು ಆತಂಕ ತರುವುದು ಪೊಟ್ಟಣದಲ್ಲಿ ಗಿಡದ ಜೊತೆಗೆ ಬರುವ ಲೋಹ. ರಸಶಾಸ್ತ್ರದ ಕ್ರಮದಲ್ಲಿ ತಯಾರಿಸಿದ ಭಸ್ಮ, ರಸೌಷಧಗಳಿಗೆ ಲೋಹಗಳನ್ನು ಬೇಕೆಂದೇ ಸೇರಿಸುತ್ತಾರೆ. 2004ರಲ್ಲಿ ಬಾಸ್ಟನ್ ಸುತ್ತಲಿನ ಅಂಗಡಿಗಳಿಂದ ಕೊಂಡ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಐದರಲ್ಲಿ ಒಂದು. 2008ರಲ್ಲಿ ಇಂಟರ್ನೆಟ್ ಮೂಲಕ ಕೊಂಡ 193 ಉತ್ಪನ್ನಗಳಲ್ಲೂ ಹೆಚ್ಚುಕಡಿಮೆ ಇದೇ ಪ್ರಮಾಣ.

ನ್ಯೂಯಾರ್ಕ್ ನಗರದಲ್ಲಿ 2011-12ರಲ್ಲಿ ಆರು ಗರ್ಭಿಣಿಯರ ರಕ್ತದಲ್ಲಿ ಸೀಸ ಪತ್ತೆಯಾಯಿತು. ಆರೂ ಮಂದಿ ಹೊರದೇಶಗಳಲ್ಲಿ ಹುಟ್ಟಿ ಅಲ್ಲಿಗೆ ಬಂದವರು. ಆರೂ ಮಂದಿ ಭಾರತದಲ್ಲಿ ತಯಾರಾದ ಆಯುರ್ವೇದ ಮಾತ್ರೆ-ಪುಡಿಗಳನ್ನು ತಿಂದಿದ್ದರು. ಗರ್ಭಿಣಿಯ ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೊಗ್ರಾಂ ಸೀಸ ಇದ್ದರೇ ಮುಂದಿನ ಕ್ರಮ ಬೇಕು ಅನ್ನುತ್ತಿತ್ತು ಆಗ ಅಮೆರಿಕದ ಸಿಡಿಸಿ. ಇವರಲ್ಲಿ ಇದ್ದದ್ದು 16ರಿಂದ 64. ಒಂದು ಮದ್ದಿನಲ್ಲಂತೂ ತೂಕದ ಶೇಕಡ 2.4ರಷ್ಟು ಸೀಸವೇ ಇತ್ತು. ಸೀಸ ಮಾಸನ್ನು ದಾಟಿ ಮಗುವಿನ ಮೆದುಳಿಗೆ ಹೋಗುತ್ತದೆ. ತಾಯಿಯ ಮೂಳೆಯಲ್ಲಿ ವರ್ಷಗಟ್ಟಲೆ ಕೂತಿದ್ದು, ಗರ್ಭಿಣಿಯಾದಾಗ ಕ್ಯಾಲ್ಸಿಯಂ ಜೊತೆ ಮತ್ತೆ ರಕ್ತಕ್ಕೆ ಇಳಿಯುತ್ತದೆ. ಅಂದರೆ ಇವತ್ತು ಮಗುವಿಗಾಗಿ ತಿಂದ ಪುಡಿ, ನಾಳೆ ಅದೇ ಮಗುವಿಗೆ ತೊಂದರೆ ಕೊಡಬಹುದು. ಗಂಡಸರ ವೀರ್ಯಕ್ಕೂ ಸೀಸ ಕೆಟ್ಟದ್ದೇ. ನೀವು ಈಗಾಗಲೇ ಭಸ್ಮವನ್ನೋ ಹೆಸರಿಲ್ಲದ ಪುಡಿಯನ್ನೋ ತಗೊಂಡಿದ್ದರೆ ಹೆದರಿ ಕೂರಬೇಡಿ. ನಿಲ್ಲಿಸಿ, ಡಬ್ಬಿ ಸಮೇತ ವೈದ್ಯರ ಬಳಿ ಹೋಗಿ, ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿ ಅಂತ ಕೇಳಿ. ಅದು ಸುಲಭದ ಪರೀಕ್ಷೆ.

“ಇಲ್ಲಿನ ಅಂಗಡಿಯಲ್ಲಿ ಸಿಗುತ್ತೆ ಅಂದ್ರೆ ಸರ್ಕಾರ ನೋಡಿರುತ್ತೆ ಅಲ್ವಾ?” ಅನ್ನಬಹುದು. ಅಮೆರಿಕದಲ್ಲಿ 1994ರ ಕಾನೂನಿನ ಪ್ರಕಾರ ಇಂಥವು ಆಹಾರಪೂರಕಗಳು. ಮಾರುವ ಮೊದಲು ಎಫ್‌ಡಿಎ ಒಪ್ಪಿಗೆ ಬೇಕಿಲ್ಲ. ಬ್ರಿಟನ್ನಿನಲ್ಲಿ ಟಿಎಚ್‌ಆರ್ ಗುರುತು ಇದ್ದರೆ ಗುಣಮಟ್ಟ, ಸುರಕ್ಷತೆ ನೋಡಿದ್ದಾರೆ ಅಂತ ಅರ್ಥ. ಗುಣವಾಗುತ್ತದೆ ಅನ್ನುವುದಕ್ಕೆ ಅಲ್ಲಿರುವ ಆಧಾರ ಹಳೆಯ ಬಳಕೆ ಮಾತ್ರ. ಆಸ್ಟ್ರೇಲಿಯದಲ್ಲಿ ‘ಆಸ್ಟ್ ಎಲ್’ ಸಂಖ್ಯೆ ಇದ್ದ ಮಾತ್ರೆಯ ಪರಿಣಾಮವನ್ನು ಮಾರಾಟಕ್ಕೆ ಮೊದಲು ಸರ್ಕಾರ ಒಂದೊಂದಾಗಿ ಪರೀಕ್ಷಿಸಿರುವುದಿಲ್ಲ. ಸೂಟ್‌ಕೇಸಿನಲ್ಲಿ ಬಂದ ಪೊಟ್ಟಣಕ್ಕಂತೂ ಇದ್ಯಾವುದೂ ಅನ್ವಯಿಸುವುದಿಲ್ಲ.

ಇನ್ನು ಹರಳುಗಳು. ರೋಸ್ ಕ್ವಾರ್ಟ್ಜ್ ಅಂದರೆ ಸಿಲಿಕಾನ್ ಡೈಆಕ್ಸೈಡ್, ಮರಳಿನ ಮುಖ್ಯ ವಸ್ತು. ಒಳಗೆ ಸೇರಿಕೊಂಡ ಅತಿ ಸೂಕ್ಷ್ಮ ಖನಿಜದ ಎಳೆಗಳಿಂದ ಗುಲಾಬಿ ಬಣ್ಣ. ಕಾರ್ನೀಲಿಯನ್ನಿನ ಕೆಂಪು, ಕಬ್ಬಿಣದ ಆಕ್ಸೈಡಿನಿಂದ. ಮೂನ್‌ಸ್ಟೋನ್ ಎಂದರೆ ಎರಡು ಬಗೆಯ ಫೆಲ್ಡ್‌ಸ್ಪಾರ್ ತೆಳು ಪದರಗಳಾಗಿ ಜೋಡಿಕೊಂಡ ಕಲ್ಲು. ಪದರಗಳ ನಡುವೆ ಬೆಳಕು ಚದುರಿ ಬೆಳದಿಂಗಳಿನಂತೆ ಹೊಳೆಯುತ್ತದೆ. ಚಂದ್ರನಿಗೂ ಮುಟ್ಟಿನ ಚಕ್ರಕ್ಕೂ ಜನ ನಂಟು ಕಟ್ಟಿದ್ದರಿಂದ ಇದು ‘ಗರ್ಭದ ಕಲ್ಲು’ ಆಯಿತು.

“ಕ್ವಾರ್ಟ್ಜ್‌ನಲ್ಲಿ ವಿದ್ಯುತ್ ಇದೆ, ವಾಚಿನಲ್ಲಿ ಹಾಕ್ತಾರಲ್ಲ” ಅನ್ನುವ ವಾದ ಕೇಳಿರುತ್ತೀರಿ. ಅರ್ಧ ನಿಜ. 1880ರಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು, ಕ್ವಾರ್ಟ್ಜನ್ನು ಒತ್ತಿದರೆ ಅದರ ಮೈಮೇಲೆ ವಿದ್ಯುದಂಶ ಹುಟ್ಟುತ್ತದೆ ಅಂತ ತೋರಿಸಿದರು. ಆದರೆ ಒತ್ತದಿದ್ದರೆ ಏನೂ ಇಲ್ಲ. ವಾಚಿನ ಕ್ವಾರ್ಟ್ಜ್ ಸೆಕೆಂಡಿಗೆ 32,768 ಸಲ ಕಂಪಿಸುವುದು ಬ್ಯಾಟರಿ ಇರುವುದರಿಂದ. ಕತ್ತಿನಲ್ಲಿ ತೂಗುವ ಹರಳಿಗೆ ಬ್ಯಾಟರಿಯೂ ಇಲ್ಲ, ಅಂಡಾಶಯಕ್ಕೆ ತಂತಿಯೂ ಇಲ್ಲ. ಹಿಡಿದಾಗ ಬೆಚ್ಚಗಾಯಿತು, ಜುಮ್ಮೆಂದಿತು ಅನ್ನುವ ಅನುಭವವನ್ನೂ ಪರೀಕ್ಷಿಸಿದ್ದಾರೆ. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನ ಮನಶ್ಶಾಸ್ತ್ರಜ್ಞ ಕ್ರಿಸ್ಟೋಫರ್ ಫ್ರೆಂಚ್ 2001ರಲ್ಲಿ ಮಂಡಿಸಿದ ಅಧ್ಯಯನದಲ್ಲಿ 80 ಜನರ ಪೈಕಿ ಕೆಲವರಿಗೆ ಅಸಲಿ, ಕೆಲವರಿಗೆ ನಕಲಿ ಹರಳು ಕೊಟ್ಟಿದ್ದರು. ಎರಡೂ ಕಡೆಯವರು ಒಂದೇ ಬಗೆಯ ಅನುಭವ ಹೇಳಿದರು.

ತೊಟ್ಟುಕೊಂಡರೆ ಹರಳಿನಿಂದ ಅಪಾಯ ಇಲ್ಲ. ಅಪಾಯ ಬರುವುದು ಬೇರೆ ಮೂರು ಕಡೆಯಿಂದ. ಮೊದಲನೆಯದು, ಹರಳು ನೆನೆಸಿದ ನೀರು ಕುಡಿಯುವುದು. ಹಸಿರು ಮ್ಯಾಲಕೈಟ್‌ನಲ್ಲಿ ತಾಮ್ರ, ಕೆಂಪು ಸಿನಬಾರ್‌ನಲ್ಲಿ ಪಾದರಸ, ಗೆಲೀನಾದಲ್ಲಿ ಸೀಸ ಇದೆ. ಯಾವ ಕಲ್ಲು ಅಂತ ಅಂಗಡಿಯವರಿಗೂ ಖಚಿತ ಇರುವುದಿಲ್ಲ. ಯಾವುದನ್ನೂ ನೆನೆಸಿ ಕುಡಿಯಬೇಡಿ. ಎರಡನೆಯದು, ಹರಳಿನ ಮೊಟ್ಟೆಗಳನ್ನು ಯೋನಿಯೊಳಗೆ ಇಟ್ಟುಕೊಳ್ಳುವುದು. ರೋಸ್ ಕ್ವಾರ್ಟ್ಜ್, ಜೇಡ್ ಮೊಟ್ಟೆಗಳು ಹಾರ್ಮೋನ್ ಸರಿಪಡಿಸುತ್ತವೆ ಅಂತ ಆಧಾರವಿಲ್ಲದೆ ಜಾಹೀರಾತು ಮಾಡಿದ್ದಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಂಪನಿ 2018ರಲ್ಲಿ 1,45,000 ಡಾಲರ್ ದಂಡ ಕಟ್ಟಿ ಪ್ರಕರಣ ಮುಗಿಸಿಕೊಂಡಿತು.

ಮೂರನೆಯದು, ಆಭರಣವನ್ನು ಮನೆಯಲ್ಲೇ ತಯಾರಿಸುವವರಿಗೆ. ಮಣಿ ಪೋಣಿಸುವುದರಲ್ಲಿ ತೊಂದರೆ ಇಲ್ಲ. ಆದರೆ ಹರಳಿನ ಸುತ್ತ ತಾಮ್ರದ ಪಟ್ಟಿ ಸುತ್ತಿ ಬೆಸುಗೆ ಹಾಕುವ ಪದಕಗಳಿಗೆ ತವರ-ಸೀಸದ ಬೆಸುಗೆ ಬಳಸುವವರು ತುಂಬ ಜನ. ಸೀಸ ಕೈಗೆ ಅಂಟಿ, ಕೈಯಿಂದ ಬಾಯಿಗೆ ಹೋಗುತ್ತದೆ. ಗರ್ಭಕ್ಕೆ ಪ್ರಯತ್ನಿಸುತ್ತಿದ್ದರೆ ‘ಲೆಡ್-ಫ್ರೀ’ ಅಂತ ಬರೆದ ಬೆಸುಗೆಯನ್ನೇ ಕೊಳ್ಳಿ, ಊಟದ ಮೇಜಿನ ಮೇಲೆ ಈ ಕೆಲಸ ಬೇಡ. ಕಲ್ಲು ಕೊರೆಯುವುದು, ಉಜ್ಜುವುದು ಇದ್ದರೆ ನೀರು ಹಾಕಿಕೊಂಡೇ ಮಾಡಿ. ಒಣ ಸಿಲಿಕಾ ಧೂಳು ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸುತ್ತದೆ. ಗುಜರಾತಿನ ಖಂಭಾತ್‌ನಲ್ಲಿ ಅಗೇಟ್, ಕಾರ್ನೀಲಿಯನ್ ಮಣಿ ಉಜ್ಜುವ ಕುಶಲಕರ್ಮಿಗಳು ಸಿಲಿಕೋಸಿಸ್‌ನಿಂದ ನರಳುವುದು ದಶಕಗಳಿಂದ ದಾಖಲಾಗಿರುವ ಸಂಗತಿ. ನಮ್ಮ ಕೈಯ ಬಳೆಗೆ ಅಲ್ಲಿನ ಯಾರದೋ ಉಸಿರು ಬೆಲೆಯಾಗಿರಬಹುದು.

“ಏನೇ ಆಗಲಿ, ಬಳೆ ತೊಟ್ಟರೆ ಮನಸ್ಸಿಗೆ ಸಮಾಧಾನ, ಸಮಾಧಾನ ಇದ್ದರೆ ಗರ್ಭ ನಿಲ್ಲುತ್ತೆ” ಅನ್ನುವವರಿದ್ದಾರೆ. ಇದರ ಮೊದಲರ್ಧ ನಿಜವಿರಬಹುದು. ಎರಡನೆಯ ಅರ್ಧದ ಬಗ್ಗೆ 2011ರಲ್ಲಿ 14 ಅಧ್ಯಯನಗಳ, 3,583 ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಚಿಕಿತ್ಸೆಗೆ ಮೊದಲು ಇದ್ದ ಆತಂಕ, ದುಃಖಕ್ಕೂ ಆ ಸುತ್ತಿನ ಚಿಕಿತ್ಸೆ ಫಲಿಸುವುದಕ್ಕೂ ಸಂಬಂಧ ಕಾಣಲಿಲ್ಲ. ಇದು ದೊಡ್ಡ ಮಾತು. “ನೀನು ತುಂಬಾ ಯೋಚನೆ ಮಾಡ್ತೀಯ, ಅದಕ್ಕೇ ಆಗ್ತಿಲ್ಲ” ಅಂತ ಯಾರಾದರೂ ಹೇಳಿದರೆ, ಆ ಆರೋಪವನ್ನು ಹೊತ್ತುಕೊಳ್ಳಬೇಕಾಗಿಲ್ಲ. ಅತ್ತದ್ದರಿಂದ ಗರ್ಭ ತಪ್ಪಲಿಲ್ಲ. ಬಳೆ ಚೆಂದ ಕಂಡರೆ ತೊಡಿ, ಮಣಿ ಪೋಣಿಸುವಾಗ ಮನಸ್ಸು ಹಗುರಾದರೆ ಪೋಣಿಸಿ. ಅದಕ್ಕೆ ವಿಜ್ಞಾನದ ಅಡ್ಡಿ ಇಲ್ಲ.

ಅಡ್ಡಿ ಇರುವುದು ಒಂದೇ ವಿಷಯಕ್ಕೆ, ಸಮಯಕ್ಕೆ. ಅಂಡಾಣುಗಳ ಸಂಖ್ಯೆ, ಗುಣ ಎರಡೂ 35ರ ನಂತರ ಬೇಗ ಇಳಿಯುತ್ತವೆ. “ಈ ಲೇಹ್ಯ ಆರು ತಿಂಗಳು, ಆಮೇಲೆ ಆ ಕಷಾಯ ಆರು ತಿಂಗಳು” ಅಂತ ಕಳೆದ ಒಂದು ವರ್ಷ 28ನೇ ವಯಸ್ಸಿನಲ್ಲಿ ದೊಡ್ಡ ನಷ್ಟ ಆಗದೇ ಇರಬಹುದು. 38ರಲ್ಲಿ ಅದನ್ನು ಯಾರೂ ವಾಪಸ್ ಕೊಡಲಾರರು.

ಹಾಗಾದರೆ ಮಾಡಬೇಕಾದ್ದೇನು? ನೆನಪಿಟ್ಟುಕೊಳ್ಳಲು ನಾಲ್ಕು ಮಾತು.

ಒಂದು, ಫೋಲಿಕ್ ಆಸಿಡ್. ದಿನಕ್ಕೆ 400 ಮೈಕ್ರೊಗ್ರಾಂ, ಪ್ರಯತ್ನ ಶುರುಮಾಡಿದಾಗಿನಿಂದಲೇ, ಹೆಣ್ಣುಮಕ್ಕಳಿಗೆ. ಮಗುವಿನ ನರನಾಳ ಗರ್ಭ ನಿಂತ ನಾಲ್ಕು ವಾರದೊಳಗೇ ಮುಚ್ಚಿಕೊಳ್ಳುತ್ತದೆ, ಎಷ್ಟೋ ಸಲ ವಿಷಯ ತಿಳಿಯುವ ಹೊತ್ತಿಗೆ. ಹಿಂದಿನ ಮಗುವಿಗೆ ನರನಾಳದ ದೋಷವಿದ್ದ ತಾಯಂದಿರಲ್ಲಿ ಹೆಚ್ಚು ಪ್ರಮಾಣದ ಫೋಲಿಕ್ ಆಸಿಡ್ ಆ ದೋಷ ಮರುಕಳಿಸುವುದನ್ನು ಶೇಕಡ 72ರಷ್ಟು ತಗ್ಗಿಸಿತು ಅಂತ 1991ರ ಬ್ರಿಟನ್ ನೇತೃತ್ವದ ಪ್ರಯೋಗ ತೋರಿಸಿತು. ಅಂಥ ಇತಿಹಾಸ ಇದ್ದವರು ಪ್ರಮಾಣವನ್ನು ವೈದ್ಯರಿಂದಲೇ ಕೇಳಿಕೊಳ್ಳಿ.

ಎರಡು, ಗಡುವು. 35ರೊಳಗಿದ್ದರೆ ಹನ್ನೆರಡು ತಿಂಗಳು, 35 ದಾಟಿದ್ದರೆ ಆರು ತಿಂಗಳು ಪ್ರಯತ್ನಿಸಿ ವೈದ್ಯರನ್ನು ಕಾಣಿ. 40 ದಾಟಿದ್ದರೆ, ಅಥವಾ ಮುಟ್ಟು ಸರಿಯಾಗಿ ಬರದಿದ್ದರೆ, ಕಾಯಲೇಬೇಡಿ.

ಮೂರು, ಇಬ್ಬರೂ ಹೋಗಿ. ಗಂಡಿನ ಕಡೆಯ ಕಾರಣ ಹೆಚ್ಚುಕಡಿಮೆ ಅರ್ಧದಷ್ಟು ದಂಪತಿಗಳಲ್ಲಿ ಇರುತ್ತದೆ. ವೀರ್ಯ ಪರೀಕ್ಷೆ ಅಗ್ಗ, ನೋವಿಲ್ಲದ್ದು. ಅದನ್ನು ಬಿಟ್ಟು ಹೆಂಡತಿಗೆ ಮಾತ್ರ ವರ್ಷಗಟ್ಟಲೆ ಕಷಾಯ ಕುಡಿಸುವುದಕ್ಕೆ ಅರ್ಥ ಇಲ್ಲ.

ನಾಲ್ಕು, ತಗೊಳ್ಳುತ್ತಿರುವ ಪ್ರತಿಯೊಂದು ಡಬ್ಬಿ, ಪೊಟ್ಟಣವನ್ನೂ ಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿ ಒಯ್ಯಿರಿ. ಹೇಳಲು ಸಂಕೋಚ ಬೇಡ. ಏನಿದೆ ಅಂತ ಯಾರಿಗೂ ಗೊತ್ತಿಲ್ಲದ ಪುಡಿಯನ್ನು ಮಾತ್ರ ಇವತ್ತೇ ನಿಲ್ಲಿಸಿ.

ಕೊನೆಯದಾಗಿ, ಈ ಸಂಚಿಕೆಯನ್ನು ಊರಿನಲ್ಲಿ ಕೇಳುತ್ತಿರುವ ಅಮ್ಮಂದಿರು, ಅತ್ತೆಯರಲ್ಲಿ ಒಂದು ವಿನಂತಿ. ಲೇಹ್ಯದ ಡಬ್ಬಿಯಲ್ಲಿ ನೀವು ಕಳಿಸುವುದು ಪ್ರೀತಿಯನ್ನೇ ಅಂತ ನಮಗೆ ಗೊತ್ತು. ಆ ಪ್ರೀತಿ ಚಟ್ನಿಪುಡಿಯಲ್ಲಿ ಬಂದರೂ ಪೂರ್ತಿಯಾಗಿ ತಲುಪುತ್ತದೆ. ಮುಂದಿನ ಸಲ ಫೋನ್ ಮಾಡಿದಾಗ “ಏನಾದ್ರೂ ವಿಶೇಷ?” ಬದಲು “ಊಟ ಆಯ್ತಾ, ಹೇಗಿದ್ದೀಯ?” ಅಂತ ಕೇಳಿ ನೋಡಿ. ಹೇಳಬೇಕಾದ ವಿಷಯ ಇದ್ದರೆ ಅವರೇ ಹೇಳುತ್ತಾರೆ.

ಈ ಸಂಚಿಕೆ ತಿಳಿವಳಿಕೆಗಾಗಿ. ನಿಮ್ಮ ಚಿಕಿತ್ಸೆಯ ತೀರ್ಮಾನ ನಿಮ್ಮ ವೈದ್ಯರ ಜೊತೆ ಕೂತು ಮಾಡಿ. ಕಾಯುತ್ತಿರುವ ಯಾರಿಗಾದರೂ ಇದು ಉಪಯೋಗಕ್ಕೆ ಬರುತ್ತದೆ ಅನ್ನಿಸಿದರೆ ಅವರಿಗೆ ಕಳಿಸಿ, ಆದರೆ ಉಪದೇಶ ಸೇರಿಸದೆ ಕಳಿಸಿ.